ಹನ್ನೊಂದು ಪದರ

ಗಡಿಯಂಚಿನ ಆಲ್ಗೊದೋನೆಸ್ ಊರಿನಲ್ಲಿ ಹಲ್ಲಿನ ಡಾಕ್ಟರರ ಬೋರ್ಡಿಲ್ಲದ ಗೋಡೆಯನ್ನು ಹುಡುಕಿಕೊಂಡು ಹೋಗಬೇಕು. ಅಂಥದ್ದೊಂದು ಗೋಡೆ ಎರ್ಮೆಲಿಂದಾಳ ಮನೆಯದು. ಮೂವತ್ತೆರಡು ವರ್ಷದಿಂದ ಅವಳು ಮನೆಯ ಮುಂಗೋಣೆಯಲ್ಲಿ ಕೂತು ಊರಿನ ಡಾಕ್ಟರರಿಗೆ ಹಲ್ಲುಸೆಟ್ಟು ಮಾಡಿಕೊಡುತ್ತಿದ್ದಳು. ಬೋರ್ಡು ಯಾಕೆ ಹಾಕಿಸಿಲ್ಲ ಎಂದು ಯಾರಾದರೂ ಕೇಳಿದರೆ ತುಟಿ ಬಿಚ್ಚಿ ನಗುತ್ತಿದ್ದಳು. ಅದೇ ಅವಳ ಬೋರ್ಡು. ಅರವತ್ತೇಳು ವರ್ಷದ ಹೆಂಗಸಿನ ಬಾಯಿಯಲ್ಲಿ ಅಂಥ ಸಾಲು: ಬೆಣ್ಣೆಯ ಬಣ್ಣ, ಅಂಚು ಚೂರೇ ಚೂರು ಸವೆದದ್ದು, ಎಡಗಡೆಯ ಎರಡನೆಯದು ಕೂದಲೆಳೆಯಷ್ಟು ಓರೆ. ಅವು ಅವಳ ಸ್ವಂತ ಹಲ್ಲೆಂದೇ ಊರಿನ ಅರ್ಧ ಜನ ನಂಬಿದ್ದರು. ಉಳಿದರ್ಧಕ್ಕೆ ಕೇಳುವ ಧೈರ್ಯವಿರಲಿಲ್ಲ.

ಅಕ್ಟೋಬರದ ಒಂದು ಭಾನುವಾರ ಗಂಡ ಫಿದೆನ್ಸಿಯೊ ಹಿತ್ತಲಲ್ಲಿ ಮಾಂಸ ಸುಟ್ಟಿದ್ದ. ಬೆಳಗ್ಗೆ ತಟ್ಟಿದ ಗೋಧಿರೊಟ್ಟಿ, ಹುರುಳಿ, ಸುಟ್ಟ ಈರುಳ್ಳಿ, ಮೆಣಸಿನಕಾಯಿ. ಮೇಜಿನ ತಲೆಯ ಕಡೆ ಫಿದೆನ್ಸಿಯೊನ ತಾಯಿ ಮೋಂಚಾ. ತೊಂಬತ್ತೊಂದು ವರ್ಷದ ಮುದುಕಿ, ನಲವತ್ತು ವರ್ಷದಿಂದ ಬಾಯಲ್ಲಿ ಒಂದೂ ಹಲ್ಲಿಲ್ಲ, ಒಂದು ದಿನವೂ ಸೆಟ್ಟು ಹಾಕಿದವಳಲ್ಲ. ಮಾಂಸವನ್ನು ಒಸಡಿನಲ್ಲೇ ಅರೆದು ನುಂಗುತ್ತಿದ್ದಳು. ಎದುರಿಗೆ ಮಗಳು ನೆರೇಯ್ದಾ. ಎರಡು ಬೀದಿ ಆಚೆ ಅವಳದೇ ಹಲ್ಲಿನ ದವಾಖಾನೆ. ಗಂಡನನ್ನು ಬಿಟ್ಟು ಬಂದ ಮೇಲೆ ಆರು ವರ್ಷದಿಂದ ಇದೇ ಮನೆಯಲ್ಲಿದ್ದಳು.

ಎರ್ಮೆಲಿಂದಾ ರೊಟ್ಟಿಯಲ್ಲಿ ಮಾಂಸ ಸುತ್ತಿ ಕಚ್ಚಿ ಎಳೆದಳು. ಕಚ್ಚಿದ್ದು ಬಂತು, ಅದರ ಜೊತೆಗೆ ಮೇಲಿನ ಸೆಟ್ಟೂ ಅರ್ಧ ಇಳಿದು ಬಂತು. ಅವಳು ನಾಲಿಗೆಯಿಂದ ಅದನ್ನು ಮೇಲಕ್ಕೆ ಒತ್ತಿ, ಬಟ್ಟೆಯಿಂದ ಬಾಯಿ ಮುಚ್ಚಿ, ಯಾವುದೋ ಕೆಲಸ ನೆನಪಾದವಳಂತೆ ಎದ್ದಳು. ಫಿದೆನ್ಸಿಯೊ ಈರುಳ್ಳಿ ಹೆಕ್ಕುತ್ತ ತಲೆ ಎತ್ತಲಿಲ್ಲ. ನೆರೇಯ್ದಾ ನೀರಿನ ಲೋಟ ನೋಡುತ್ತಿದ್ದಳು. ಈ ಮನೆಯಲ್ಲಿ ನೋಡದೆ ಇರುವುದು ಎಲ್ಲರಿಗೂ ರೂಢಿಯಾಗಿತ್ತು. ಮುದುಕಿಯೊಬ್ಬಳಿಗೆ ಮಾತ್ರ ಆ ರೂಢಿ ಹತ್ತಿರಲಿಲ್ಲ.

"ಏನು ಸೊಸೇ, ರೊಟ್ಟಿನೇ ನಿನ್ನ ಕಚ್ಚಿತಾ?"

ಹತ್ತು ನಿಮಿಷದಲ್ಲಿ ಮುಂಗೋಣೆಯಿಂದ ಘಾಟು ಬಂತು. ಸೆಟ್ಟಿನ ಗುಲಾಬಿ ಬಣ್ಣದ ಪುಡಿಗೆ ದ್ರವ ಬೆರೆಸಿದಾಗ ಏಳುವ ಘಾಟು. ನೆರೇಯ್ದಾ ಅದನ್ನು ಉಸಿರಾಡಿಕೊಂಡೇ ಬೆಳೆದವಳು. ಅವಳು ಎದ್ದು ಹೋಗಿ ಬಾಗಿಲಲ್ಲಿ ನಿಂತಳು. ಅಮ್ಮ ಬೆನ್ನು ಹಾಕಿ ಕೂತಿದ್ದಳು. ಮುಂದೆ ಗಾಜಿನ ಬಟ್ಟಲು, ಕೈಯಲ್ಲಿ ಚಿಕ್ಕ ಚಮಚ.

"ಇದು ಎಷ್ಟನೇ ಸಲ ಅಮ್ಮಾ?"

ಎರ್ಮೆಲಿಂದಾ ತಿರುಗಲಿಲ್ಲ. ಬಾಯಿಗೆ ಬಟ್ಟೆ ಅಡ್ಡ ಹಿಡಿದೇ ಮಾತಾಡಿದಳು. "ಸಡಿಲ ಆದ್ರೆ ಒಳಗೊಂದು ಪದರ ಹಾಕಿ ಬಿಗಿ ಮಾಡ್ಕೋತೀನಿ. ಚಪ್ಪಲಿ ಸವೆದ್ರೆ ಅಟ್ಟೆ ಹಾಕ್ಸಲ್ವಾ?"

"ಸವೀತಿರೋದು ಚಪ್ಪಲಿ ಅಲ್ಲ. ಕಾಲು."

"ಬಾಗಿಲು ಮುಚ್ಚು. ಧೂಳು ಬಂದು ಕೂತ್ರೆ ಕೆಲಸ ಕೆಡತ್ತೆ."

ಆ ಹಲ್ಲುಗಳ ವಿಷಯ ತಾಯಿ ಮಗಳ ನಡುವೆ ಬಾಯಿಬಿಟ್ಟು ಬಂದದ್ದು ಅದೇ ಮೊದಲು. ನೆರೇಯ್ದಾಗೆ ಒಂಬತ್ತು ವರ್ಷವಾಗಿದ್ದಾಗ ಅಮ್ಮನ ಒಸಡೆಲ್ಲ ಕೀವು ತುಂಬಿ, ಮೇಲಿನ ಹಲ್ಲುಗಳು ಒಂದೊಂದಾಗಿ ಅಲ್ಲಾಡಿ, ಕೊನೆಗೆ ಒಂದೇ ವಾರದಲ್ಲಿ ಅಷ್ಟನ್ನೂ ಕೀಳಿಸಬೇಕಾಯಿತು. ಆಗ ಎರ್ಮೆಲಿಂದಾಗೆ ಮೂವತ್ತೆಂಟು. ಈ ಕೆಲಸ ಕಲಿತು ಮೂರು ವರ್ಷ. ಆ ವಾರ ಅವಳು ಮುಂಗೋಣೆಯ ಬಾಗಿಲು ಹಾಕಿಕೊಂಡಿದ್ದಳು. ಮದುವೆಯ ಫೋಟೋ ಮುಂದಿಟ್ಟುಕೊಂಡು, ಅದರಲ್ಲಿ ನಗುತ್ತಿದ್ದ ಹುಡುಗಿಯ ಹಲ್ಲನ್ನು ಒಂದೊಂದಾಗಿ ಮೇಣದಲ್ಲಿ ನಿಲ್ಲಿಸಿದಳು. ಎಡಗಡೆಯ ಓರೆಯನ್ನೂ ಬಿಡಲಿಲ್ಲ. ಹೊರಗೆ ಬಂದಾಗ ಮೊದಲಿನ ಹಾಗೇ ಇದ್ದಳು. ಯಾರೂ ಏನೂ ಕೇಳಲಿಲ್ಲ. ಕೇಳದೆ ಇಪ್ಪತ್ತೊಂಬತ್ತು ವರ್ಷ ಕಳೆಯಿತು. ಈಗ ಮಗಳಿಗೆ ಮೂವತ್ತೆಂಟು.

ಆ ವಾರವೆಲ್ಲ ನೆರೇಯ್ದಾ ಊಟದ ಹೊತ್ತಿಗೆ ಒಂದೇ ಮಾತು ಹಿಡಿದಳು. ಸ್ಕ್ಯಾನ್ ಮಾಡಿಸು. ಮೂಳೆ ಇದ್ದರೆ ನಾಲ್ಕು ಇಂಪ್ಲಾಂಟ್ ಕೂರಿಸಿ ಅದರ ಮೇಲೆ ಹಲ್ಲು ಬಿಗಿಯೋಣ, ರೊಟ್ಟಿ ಎಳೆದರೂ ಜಗ್ಗುವುದಿಲ್ಲ. ದಿನಾ ಬೇರೆಯವರಿಗೆ ಮಾಡುವುದನ್ನು ನಿನಗೆ ಮಾಡಲಿಕ್ಕಾಗದೆ ನಾನು ಯಾವ ಡಾಕ್ಟರು ಎಂದು ಕೇಳಿದಳು. ಕೊನೆಯ ಮಾತು ನಾಟಿತು. ಎರ್ಮೆಲಿಂದಾ ಶುಕ್ರವಾರ ಬರುತ್ತೇನೆಂದಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ, ನೆರೇಯ್ದಾ ಒಬ್ಬಳೇ ಇರಬೇಕು.

ಸ್ಕ್ಯಾನ್ ಯಂತ್ರದ ಮುಂದೆ ನಿಲ್ಲುವ ಮೊದಲು ಸೆಟ್ಟು ತೆಗೆಯಬೇಕಿತ್ತು. ಎರ್ಮೆಲಿಂದಾ ಗೋಡೆಗೆ ಮುಖ ಮಾಡಿ ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಕೈಚೀಲದೊಳಗೆ ಇಟ್ಟಳು. ನೆರೇಯ್ದಾ ಆ ಹೊತ್ತಿಗೆ ಕಂಪ್ಯೂಟರಿನಲ್ಲಿ ಏನೋ ಹುಡುಕುತ್ತಿದ್ದಳು. ಹುಡುಕಲು ಅಲ್ಲಿ ಏನೂ ಇರಲಿಲ್ಲ.

ಚಿತ್ರ ತೆರೆಯ ಮೇಲೆ ಬಂತು. ಎರ್ಮೆಲಿಂದಾ ಅಚ್ಚು ಓದಬಲ್ಲವಳು. ಸಾವಿರಾರು ದವಡೆಗಳ ಪ್ಲಾಸ್ಟರ್ ಅಚ್ಚುಗಳು ಅವಳ ಕೈ ಮೇಲೆ ಹಾದುಹೋಗಿದ್ದವು. ಆದರೆ ಅಚ್ಚು ಹೊರಗಿನದನ್ನು ತೋರಿಸುತ್ತದೆ. ಒಳಗೆ ಏನಿದೆ ಎಂದು ಅವಳು ಎಂದೂ ನೋಡಿರಲಿಲ್ಲ. ಮೇಲ್ದವಡೆ ಇರಬೇಕಾದಲ್ಲಿ ಒಂದು ಬಿಳಿಯ ಗೆರೆ ಇತ್ತು. ಅಷ್ಟೇ.

ನೆರೇಯ್ದಾ ಪೆನ್ನಿನ ತುದಿಯಿಂದ ತೋರಿಸಿದಳು. ಹಿಂದುಗಡೆ, ಕೆನ್ನೆಯೊಳಗಿನ ಗಾಳಿಗೂಡು, ಸೈನಸ್ಸು, ಬಲೂನಿನಂತೆ ಕೆಳಗೆ ಇಳಿದಿದೆ. ಅದರ ತಳಕ್ಕೂ ಬಾಯಿಗೂ ನಡುವೆ ಉಳಿದಿರುವ ಮೂಳೆ ಎರಡು ಮಿಲಿಮೀಟರು, ಮೊಟ್ಟೆಯ ಚಿಪ್ಪಿನ ಹಾಗೆ. ಮುಂದುಗಡೆ ಇನ್ನೂ ಕಡಿಮೆ. ಅಲ್ಲಿ ಒಸಡು ಬರೀ ಮಾಂಸ, ಬೆರಳಿಟ್ಟರೆ ಅಲ್ಲಾಡುತ್ತದೆ.

"ಹೇಗೆ ಹೋಯ್ತು ಇಷ್ಟೊಂದು?" ಎಂದಳು ಎರ್ಮೆಲಿಂದಾ, ಬಟ್ಟೆಯ ಹಿಂದಿನಿಂದ.

ಮಗಳು ರೋಗಿಗಳಿಗೆ ಹೇಳುವ ಧ್ವನಿಯಲ್ಲೇ ಹೇಳಿದಳು. ಬೇರೆ ಧ್ವನಿ ಅವಳಿಗೆ ಆ ಹೊತ್ತಿನಲ್ಲಿ ಸಿಕ್ಕಿರಲಿಕ್ಕಿಲ್ಲ. ಹಲ್ಲು ಹೋದ ಮೇಲೆ ಮೂಳೆಗೆ ಕೆಲಸವಿಲ್ಲ, ಕೆಲಸವಿಲ್ಲದ್ದು ಕರಗುತ್ತದೆ. ಒಸಡಿನ ರೋಗ ಮೊದಲೇ ಒಂದಷ್ಟು ತಿಂದಿತ್ತು. ಕೆಳಗಡೆ ಮುಂದಿನ ಆರು ಹಲ್ಲು ಸ್ವಂತದ್ದು ಉಳಿದಿವೆ, ಅವು ಇಪ್ಪತ್ತೊಂಬತ್ತು ವರ್ಷ ಮೇಲಿನ ಸೆಟ್ಟಿನ ಮುಂಭಾಗವನ್ನೇ ಕುಟ್ಟಿವೆ. ಸೆಟ್ಟು ಕೂತಲ್ಲಿ ಕೂರದೆ ತೂಗಿದೆ, ತೂಗಿದಲ್ಲೆಲ್ಲ ಒತ್ತಿದೆ. ಹಗಲೂ ರಾತ್ರಿ ಬಾಯಲ್ಲೇ ಇದ್ದುದರಿಂದ ಒಸಡಿಗೆ ಒಂದು ಗಂಟೆಯ ಬಿಡುವಿಲ್ಲ. ಸಕ್ಕರೆ ಕಾಯಿಲೆ ಇದೆ. ಸಿಗರೇಟು ದಿನಕ್ಕೆ ಐದು.

"ನಾಲ್ಕು," ಎಂದಳು ಎರ್ಮೆಲಿಂದಾ.

"ಸರಿ, ನಾಲ್ಕು."

ಈ ಮೂಳೆಯಲ್ಲಿ ತಾನು ಇಂಪ್ಲಾಂಟ್ ಹಾಕುವುದಿಲ್ಲ ಎಂದಳು ನೆರೇಯ್ದಾ. ಗುರುವಾರಗಳಂದು ಮೆಹಿಕಾಲಿ ನಗರದಿಂದ ಬರುವ ಡಾಕ್ಟರ್ ಬೆಲ್ತ್ರಾನ್ ಗಾಳಿಗೂಡಿನ ತಳ ಎತ್ತಿ ಮೂಳೆಪುಡಿ ತುಂಬಬೇಕು, ಆರೆಂಟು ತಿಂಗಳು ಕಾಯಬೇಕು. ಆಮೇಲೂ ಹಿಡಿಯುತ್ತದೆಂಬ ಭರವಸೆಯಿಲ್ಲ. ಅವರು ಕೈ ಹಾಕಬೇಕಾದರೆ ಸಿಗರೇಟು ನಿಲ್ಲಬೇಕು, ಸಕ್ಕರೆ ಇಳಿಯಬೇಕು, ಒಸಡು ಪೂರ್ತಿ ಗುಣವಾಗಿರಬೇಕು. ಅಲ್ಲಿಯವರೆಗೆ ಸೆಟ್ಟು ಬಾಯಿಯಿಂದ ಹೊರಗಿರಬೇಕು.

ಡಾಕ್ಟರಿಗೆ ಕಳಿಸುವ ಕಾಗದವನ್ನು ಅವಳು ತುಂಬತೊಡಗಿದಳು. ಒಂದು ಸಾಲಿನ ಹತ್ತಿರ ಪೆನ್ನು ನಿಂತಿತು. ಈಗಿರುವ ಸೆಟ್ಟನ್ನು ಮಾಡಿದವರು ಯಾರು ಎಂಬ ಸಾಲು.

"ಅದು ಬಿಟ್ಬಿಡು," ಎಂದಳು ಎರ್ಮೆಲಿಂದಾ.

ನೆರೇಯ್ದಾ ಅಲ್ಲೊಂದು ಗೆರೆ ಎಳೆದಳು.

*

ಮನೆಯ ಅಡುಗೆ ಬದಲಾಯಿತು. ಫಿದೆನ್ಸಿಯೊ ಮೂವತ್ತು ವರ್ಷ ಗಡಿಯಾಚೆ ಲೆಟ್ಯೂಸ್ ಹೊಲದಲ್ಲಿ ಆಳುಗಳ ಮೇಸ್ತ್ರಿಯಾಗಿದ್ದವನು. ನಿವೃತ್ತನಾದ ಮೇಲೆ ಯಾರನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚಲಿ ಎಂದು ಕಾಯುತ್ತಿದ್ದ. ಬೆಳಗ್ಗೆ ಆರಕ್ಕೆ ಹೆಂಡತಿಯ ಬೆರಳು ಚುಚ್ಚಿ ಸಕ್ಕರೆ ನೋಡಿ, ಅಂಕಿಯನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯುವ ಕೆಲಸ ತಾನಾಗಿ ಹಿಡಿದ. ಸಿಹಿ ಬನ್ನು ಮನೆಗೆ ಬರುವುದು ನಿಂತಿತು. ಅರೆದ ಹುರುಳಿ, ಕೋಳಿಸಾರು, ಮೆತ್ತಗೆ ಬೇಯಿಸಿದ ಸೀಮೆಸೌತೆ. ಮೊದಲ ವಾರ ಎಲ್ಲರೂ ಅದನ್ನೇ ಉಂಡರು. ಎರಡನೆಯ ವಾರ ಮುದುಕಿ ತಟ್ಟೆ ಸರಿಸಿದಳು.

"ಹಲ್ಲಿಲ್ಲದ ನಾನು ಮಾಂಸ ತಿಂತೀನಿ, ಹಲ್ಲಿರೋ ನೀವು ಗಂಜಿ ಕುಡೀತೀರ. ಈ ಮನೇಲಿ ಕಾಯಿಲೆ ಯಾರಿಗೆ?"

ಸಿಗರೇಟಿನ ಉಸ್ತುವಾರಿಯೂ ಮುದುಕಿಯದಾಯಿತು. ಪೊಟ್ಟಣ ಅವಳ ಏಪ್ರನ್ನಿನ ಜೇಬಿನಲ್ಲಿ. ಸೊಸೆ ಕೇಳಿದರೆ ಒಂದನ್ನು ತೆಗೆದು, ಹಚ್ಚಿ, ಸೊಸೆಯ ಎದುರಿಗೇ ಕೂತು ತಾನೇ ಸೇದುತ್ತಿದ್ದಳು. ನನ್ನಲ್ಲಿ ಸವೆಯಲಿಕ್ಕೆ ಏನೂ ಉಳಿದಿಲ್ಲ, ಈ ಹೊಗೆ ನನಗಿರಲಿ ಎನ್ನುತ್ತಿದ್ದಳು. ಹದಿನೈದು ದಿನದಲ್ಲಿ ಎರ್ಮೆಲಿಂದಾ ಕೇಳುವುದನ್ನೇ ಬಿಟ್ಟಳು, ಸಿಟ್ಟಿನಿಂದ.

ಸೆಟ್ಟಿನ ವಿಷಯ ಮಾತ್ರ ಅಷ್ಟು ಸುಲಭವಿರಲಿಲ್ಲ. ಮೊದಲಿಗೆ ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ತೆಗೆದಿಡು ಎಂದಿದ್ದಳು ಮಗಳು. ಎರ್ಮೆಲಿಂದಾ ಮಲಗುವ ಕೋಣೆಯ ಪರದೆ ಎಳೆದು, ಗೋಡೆ ಕಡೆ ಹೊರಳಿ, ಸೆಟ್ಟನ್ನು ದಿಂಬಿನ ಕೆಳಗೆ ನೀರಿನ ಡಬ್ಬಿಯಲ್ಲಿಟ್ಟು, ಚಾದರವನ್ನು ಮೂಗಿನವರೆಗೆ ಎಳೆದುಕೊಂಡಳು. ಫಿದೆನ್ಸಿಯೊ ಬಂದು ತನ್ನ ಕಡೆ ಮಲಗಿದ. ಫ್ಯಾನು ತಿರುಗುತ್ತಿತ್ತು. ಅವನು ನಿದ್ದೆ ಹೋದನೆಂದು ಅವಳು ಅಂದುಕೊಂಡಾಗ ಅವನು ಮಾತಾಡಿದ.

"ಲಿಂದಾ, ಈ ಕಡೆ ತಿರುಗು."

ಅವಳು ಅಲ್ಲಾಡಲಿಲ್ಲ.

"ನಂಗೆ ಗೊತ್ತು ಕಣೆ. ಮೊದಲ ದಿನದಿಂದಾನೂ ಗೊತ್ತು."

"ಗೊತ್ತಿದ್ರೆ ಯಾಕೆ ಹೇಳ್ಲಿಲ್ಲ?"

"ನೀನು ಮುಚ್ಚಿಡೋಕೆ ಅಷ್ಟು ಕಷ್ಟ ಪಡ್ತಿದ್ದೆ. ಅದನ್ನ ಹಾಳು ಮಾಡೋಕೆ ಮನಸ್ಸು ಬರ್ಲಿಲ್ಲ. ಇಪ್ಪತ್ತೊಂಬತ್ತು ವರ್ಷ ನೀನು ಆ ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದೀಯ. ಒಂದೊಂದು ಸಲ ನಂಗೆ ಗೋಡೆ ಮೇಲೇ ಹೊಟ್ಟೆಕಿಚ್ಚು ಬರ್ತಿತ್ತು."

ಅವಳು ಅವನ ಹೆಸರು ಹಿಡಿದು ಏನೋ ಹೇಳಹೊರಟಳು. ಮೇಲಿನ ಹಲ್ಲಿಲ್ಲದೆ ಹೆಸರಿನ ಮೊದಲ ಅಕ್ಷರವೇ ಸರಿಯಾಗಿ ಬರಲಿಲ್ಲ; "ಪಿದೆನ್ಸಿಯೊ" ಎಂದು ಬಂತು. ಅವಳು ಬಾಯಿ ಮುಚ್ಚಿಕೊಂಡಳು. ಅವನು, ಏನು ಹೇಳು ಎಂದ, ಯಾವಾಗಲೂ ಅದೇ ತನ್ನ ಹೆಸರು ಎಂಬಂತೆ. ಅವಳು ಅವನ ಕಡೆ ತಿರುಗಿ ಮಲಗಿದಳು.

ಅಲ್ಲಿಗೆ ಮಲಗುವ ಕೋಣೆಯ ತೊಡಕು ಮುಗಿಯಿತು. ಮುಂಗೋಣೆಯದು ಮುಗಿಯಲಿಲ್ಲ. ಗಂಡನ ಎದುರು ಬೋಳುಬಾಯಿ ತೋರಿಸುವುದು ಒಂದು, ಡಾಕ್ಟರರ ಎದುರು ತೋರಿಸುವುದು ಇನ್ನೊಂದು. ನವೆಂಬರದಲ್ಲಿ ಚಳಿನಾಡಿನ ಮುದುಕರು ಅಗ್ಗದ ಹಲ್ಲಿಗಾಗಿ ಗಡಿ ದಾಟಿ ಸಾಲುಗಟ್ಟಿ ಬರುವ ಕಾಲ. ದಿನಕ್ಕೆ ಏಳೆಂಟು ಸೆಟ್ಟಿನ ಕೆಲಸ. ಡಾಕ್ಟರರು ತಾವೇ ಬರುತ್ತಿದ್ದರು, ನಿಂತು ಮಾತಾಡುತ್ತಿದ್ದರು. ಬೆಳಗ್ಗೆ ಮಗಳು ದವಾಖಾನೆಗೆ ಹೊರಟು ಬೀದಿಯ ತಿರುವು ದಾಟಿದ ಕೂಡಲೆ ಎರ್ಮೆಲಿಂದಾ ಸೆಟ್ಟು ಹಾಕಿಕೊಳ್ಳುತ್ತಿದ್ದಳು. ಮಧ್ಯಾಹ್ನ ಅವಳು ಊಟಕ್ಕೆ ಬರುವ ಮೊದಲು ಒಮ್ಮೆ, ಸಂಜೆ ಆರಕ್ಕೆ ಒಮ್ಮೆ ತೆಗೆಯುತ್ತಿದ್ದಳು. ಮಾಂಸ ಸುಟ್ಟ ಭಾನುವಾರದ ಹೊಸ ಪದರ ಸರಿಯಾಗಿ ಅಂಟಿತ್ತು, ಬಿಗಿಯಾಗಿ ಕೂರುತ್ತಿತ್ತು. ಬಿಗಿಯಾಗಿರುವುದು ಹೇಗೆ ತಪ್ಪಾದೀತು ಎಂದು ಅವಳು ತನಗೇ ಹೇಳಿಕೊಂಡಳು.

ನಾಲ್ಕನೆಯ ವಾರ ನೆರೇಯ್ದಾ ಊಟದ ಮೇಜಿನ ಹತ್ತಿರವೇ ಟಾರ್ಚು ಹಿಡಿದು ಬಾಯಿ ನೋಡಿದಳು. ಮುಂದಿನ ಒಸಡಿನ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಹುಣ್ಣು. ಸುತ್ತ ಕೆಂಪು. ಅವಳು ಟಾರ್ಚು ಆರಿಸಿದಳು.

"ದಿನಾ ಹಾಕ್ಕೋತಿದ್ದೀಯ."

"ಒಂದೆರಡು ಗಂಟೆ."

"ಸುಳ್ಳು ಹೇಳ್ಬೇಡ. ಹುಣ್ಣು ಹೇಳತ್ತೆ ಎಷ್ಟು ಗಂಟೆ ಅಂತ." ಅವಳ ದನಿ ಏರಲಿಲ್ಲ, ಅದೇ ಹೆಚ್ಚು ಕೆಟ್ಟದ್ದಾಗಿ ಕೇಳಿತು. "ಇದು ಮಾಯೋವರೆಗೂ ಬೆಲ್ತ್ರಾನ್ ಮುಟ್ಟಲ್ಲ. ಬೇರೆ ಯಾರಾದ್ರೂ ರೋಗಿ ಆಗಿದ್ರೆ ನಾನು ಬೇರೆ ಕಡೆ ಹೋಗಿ ಅಂತ ಕಳಿಸ್ತಿದ್ದೆ."

"ಕಳಿಸು."

"ಅಮ್ಮಾ."

"ನೇರ ಹೇಳು ನೆರೇಯ್ದಾ. ನಿಮ್ಮಮ್ಮ ಮಾಡಿದ ಸೆಟ್ಟು ಕೆಟ್ಟದ್ದು, ಅದೇ ಮೂಳೆ ತಿಂದಿದ್ದು ಅಂತ ಹೇಳು. ಆವತ್ತು ಕಾಗದದ ಮೇಲೆ ಗೆರೆ ಎಳೆದ್ಯಲ್ಲ, ಅದರ ಅರ್ಥ ಅದೇ ತಾನೆ?"

"ಗೆರೆ ಎಳಿ ಅಂದಿದ್ದು ನೀನು."

"ಕೆಟ್ಟದ್ದಾ ಅಲ್ವಾ? ಅಷ್ಟು ಹೇಳು."

ನೆರೇಯ್ದಾ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಕೈಗೆತ್ತಿಕೊಂಡಳು. "ಕೆಟ್ಟದ್ದಾಗಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು," ಎಂದಳು, ಅಡುಗೆಮನೆಗೆ ಹೋದಳು.

ಆಮೇಲೆ ಎರಡು ದಿನ ತಾಯಿ ಮಗಳು ಫಿದೆನ್ಸಿಯೊನ ಮೂಲಕ ಮಾತಾಡಿದರು. ಉಪ್ಪು ಕೊಡಲು ಹೇಳು. ನಲ್ಲಿ ಸೋರುತ್ತಿದೆ ಎಂದು ಹೇಳು. ಫಿದೆನ್ಸಿಯೊ ಎರಡು ಕಡೆಗೂ ಚಾಚೂ ತಪ್ಪದೆ ತಲುಪಿಸಿದ. ಮೂರನೆಯ ದಿನ ಮಾತ್ರ, ತಾನು ಹೊಲದಲ್ಲಿ ಎಂಬತ್ತು ಜನರನ್ನು ಸಂಭಾಳಿಸಿದವನು, ಈ ಇಬ್ಬರನ್ನು ಸಂಭಾಳಿಸಲು ಸಂಬಳ ಬೇಕಾಗುತ್ತದೆ ಎಂದ.

ಆ ಮೂರನೆಯ ದಿನ, ಮಂಗಳವಾರ, ಎರ್ಮೆಲಿಂದಾ ಮಧ್ಯಾಹ್ನ ಊಟಕ್ಕೆ ಕೂರಲಿಲ್ಲ. ಮುಂಗೋಣೆಯಲ್ಲಿ ಕತ್ತರಿಸುವ ಗಾಲಿ ತಿರುಗಿಸಿದಳು. ಕೆಟ್ಟದ್ದಾಗಿದ್ರೆ ಚೆನ್ನಾಗಿರ್ತಿತ್ತು ಎಂಬ ಮಾತು ಎರಡು ದಿನದಿಂದ ಅವಳಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಅದು ಬೈಗುಳವೋ ಹೊಗಳಿಕೆಯೋ ತಿಳಿಯದೆ ಅವಳಿಗೆ ಕೆಲಸ ಓಡುತ್ತಿರಲಿಲ್ಲ. ಕೆಲಸದಲ್ಲಿ ತಪ್ಪಿದೆಯೇ ಎಂದು ನೋಡಲು ಅವಳಿಗೆ ಗೊತ್ತಿದ್ದದ್ದು ಒಂದೇ ದಾರಿ. ಕಲಿಯಲು ಬಂದವರ ಸೆಟ್ಟನ್ನು ಅವಳು ಹಾಗೇ ಪರೀಕ್ಷೆ ಮಾಡುತ್ತಿದ್ದಳು: ನಡುವೆ ಸೀಳುವುದು. ಪುಡಿ ದ್ರವ ಸರಿಯಾಗಿ ಬೆರೆಯದಿದ್ದರೆ, ಅವಸರದಲ್ಲಿ ಬೇಯಿಸಿದ್ದರೆ, ಒಳಗೆ ಗುಳ್ಳೆ ಕಾಣುತ್ತದೆ. ಹೊರಗೆ ಎಷ್ಟು ಹೊಳಪು ಕೊಟ್ಟರೂ ಒಳಗಿನ ಗುಳ್ಳೆ ಸುಳ್ಳು ಹೇಳುವುದಿಲ್ಲ.

ಅವಳು ಬಾಯಿಯಿಂದ ಸೆಟ್ಟು ತೆಗೆದು, ತೊಳೆದು, ಒರೆಸಿದಳು. ಗಾಲಿಯ ಅಂಚಿಗೆ ಹಿಡಿದಳು. ಎರಡು ಮುಂದಿನ ಹಲ್ಲಿನ ನಡುವೆ, ಸರಿಯಾಗಿ ಮಧ್ಯಕ್ಕೆ.

ಎರಡು ಹೋಳು ಬಟ್ಟೆಯ ಮೇಲೆ ಬಿದ್ದವು. ಕತ್ತರಿಸಿದ ಮುಖವನ್ನು ಒದ್ದೆ ಮರಳುಕಾಗದದಲ್ಲಿ ಉಜ್ಜಿ, ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿದಳು. ಒಂದು ಗುಳ್ಳೆಯೂ ಇರಲಿಲ್ಲ. ಆದರೆ ಅವಳು ನೋಡಬೇಕೆಂದಿರದ ಇನ್ನೊಂದು ಇತ್ತು. ಎಲ್ಲರನ್ನೂ ಕರೆದಳು. ನೆರೇಯ್ದಾ ಊಟಕ್ಕೆ ಬಂದವಳು ಕೈಯಲ್ಲಿ ಚಮಚ ಹಿಡಿದೇ ಬಂದಳು. ಫಿದೆನ್ಸಿಯೊ ಬಂದ. ಮುದುಕಿ ಗೋಡೆ ಹಿಡಿದು ಬಂದಳು.

"ಎಣಿಸು," ಎಂದು ಗಂಡನ ಕೈಗೆ ಕೊಟ್ಟಳು. ಬಾಯಿ ಮುಚ್ಚಿಕೊಳ್ಳಲು ಬಟ್ಟೆ ಹುಡುಕಲಿಲ್ಲ.

ಅವನು ಕನ್ನಡಕ ಹಾಕಿದ. ಸೀಳಿದ ಮುಖದಲ್ಲಿ ಗುಲಾಬಿಯ ಮೇಲೆ ಗುಲಾಬಿ. ಒಂದು ತುಸು ಗಾಢ, ಒಂದು ತೆಳು, ಒಂದರಲ್ಲಿ ಕೆಂಪು ನೂಲಿನ ಎಳೆ, ಒಂದು ಬಹುಮಟ್ಟಿಗೆ ಕಿತ್ತಳೆ. ಮರದ ಬೊಡ್ಡೆಯಲ್ಲಿ ಕಾಣುವ ಸುತ್ತಿನ ಹಾಗೆ ಒಂದರೊಳಗೊಂದು. ಮೊದಲಿನ ಸೆಟ್ಟು ತಳದಲ್ಲಿ ತೆಳುವಾಗಿ ಇತ್ತು. ಮುಂಭಾಗದಲ್ಲಿ ಅದರ ಮೇಲೆ ಕೂತದ್ದು ಬೆರಳಿನಷ್ಟು ದಪ್ಪ. ಫಿದೆನ್ಸಿಯೊ ಬೆಂಕಿಕಡ್ಡಿಯ ತುದಿಯಿಂದ ಒಂದೊಂದೇ ಮುಟ್ಟುತ್ತ ಹೋದ.

"ಹನ್ನೊಂದು."

ಯಾವುದು ಯಾವ ವರ್ಷದ್ದೆಂದು ಅವಳಿಗೆ ಗೊತ್ತಿತ್ತು. ಗಾಢವಾದದ್ದು ತನ್ನ ಅಪ್ಪ ತೀರಿಕೊಂಡ ಚಳಿಗಾಲದ್ದು. ಕೆಂಪು ಎಳೆಯದು ನೆರೇಯ್ದಾ ಓದಲು ಮೆಹಿಕಾಲಿಗೆ ಹೋದ ವರ್ಷದ್ದು. ಕಿತ್ತಳೆಯದು ಭೂಕಂಪದ ವರ್ಷ. ಆಗ ಬೇರೆ ಪುಡಿ ಸಿಕ್ಕಿರಲಿಲ್ಲ. ಅಷ್ಟು ಸಲ ಬಾಗಿಲು ಹಾಕಿಕೊಂಡು ಒಳಗೆ ಕೂತದ್ದು ನೆನಪಿತ್ತು. ಒಟ್ಟಿಗೆ ಎಂದೂ ನೋಡಿರಲಿಲ್ಲ.

"ಇಷ್ಟು ಹೋಗಿದೆ," ಎಂದಳು. ಹೋಳನ್ನು ಮೇಲ್ದುಟಿಯ ಮುಂದೆ ಹಿಡಿದು ತೋರಿಸಿದಳು. "ಇಷ್ಟು ಮೂಳೆ ಹೋಗಿದೆ, ಇಷ್ಟು ನಾನು ತುಂಬಿದೀನಿ. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆ ಇಲ್ಲ."

ಗಾಲಿ ಇನ್ನೂ ಸಣ್ಣಗೆ ತಿರುಗುತ್ತಿತ್ತು.

"ಕೈಯಲ್ಲಾಗದವಳು ಮಾಡಿದ್ದಿದ್ರೆ ಎರಡನೇ ವರ್ಷಕ್ಕೇ ಚುಚ್ಚಿರೋದು. ಯಾವನಾದ್ರೂ ಡಾಕ್ಟರ್ ಹತ್ರ ಹೋಗಿರ್ತಿದ್ದೆ. ಇದು ಚುಚ್ಚಲೇ ಇಲ್ಲ."

"ಅದನ್ನೇ ನಾನು ಹೇಳಿದ್ದು," ಎಂದಳು ನೆರೇಯ್ದಾ.

"ಗೊತ್ತಾಯ್ತು. ನಂಗೆ ಭೂತಗನ್ನಡಿ ಬೇಕಾಯ್ತು, ಅಷ್ಟೇ."

ನೆರೇಯ್ದಾ ಚಮಚವನ್ನು ಪ್ಲಾಸ್ಟರ್ ಅಚ್ಚುಗಳ ನಡುವೆ ಇಟ್ಟು ಆ ಹೋಳನ್ನು ಕೈಗೆ ತೆಗೆದುಕೊಂಡಳು. ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿದಳು. ಎಲ್ಲಿ ಒಂದು ಪದರ ಮುಗಿದು ಇನ್ನೊಂದು ಶುರುವಾಗುತ್ತದೆಂದು ಬೆರಳಿಗೆ ಸಿಗಲಿಲ್ಲ. "ನನ್ನ ಕೈಲಿ ಹೀಗೆ ಸೇರಿಸೋಕೆ ಬರಲ್ಲ," ಎಂದಳು ಮೆಲ್ಲಗೆ.

"ನಿನ್ನ ಕೈಲಿ ಬೇರೆ ಬರತ್ತೆ," ಎಂದಳು ತಾಯಿ.

ಮುದುಕಿ ಅಷ್ಟರಲ್ಲಿ ಸೊಸೆಯ ಮುಖವನ್ನು ಹತ್ತಿರದಿಂದ, ಹೊಸಬರನ್ನು ನೋಡುವಂತೆ ನೋಡುತ್ತಿದ್ದಳು. "ಇನ್ನು ಈ ಮನೇಲಿ ಸುಂದರಿ ನಾನೊಬ್ಬಳೇ ಅಲ್ಲ," ಎಂದಳು. ಮೊದಲು ನಕ್ಕದ್ದು ಎರ್ಮೆಲಿಂದಾ. ಮುಚ್ಚಿಕೊಳ್ಳದೆ, ಒಸಡು ಕಾಣುವ ಹಾಗೆ.

ಈಗ ಹಾಕಿಕೊಳ್ಳಲು ಸೆಟ್ಟೇ ಇರಲಿಲ್ಲ. ಇನ್ನೊಂದು ಮಾಡಿಕೊಳ್ಳಲು ಅವಳಿಗೆ ಎರಡು ದಿನ ಸಾಕಾಗಿತ್ತು, ಮಾಡಿಕೊಳ್ಳಲಿಲ್ಲ. ಮರುದಿನ ಬೆಳಗ್ಗೆ ಇಪ್ಪತ್ತು ವರ್ಷದಿಂದ ಕೆಲಸ ಕೊಡುತ್ತಿದ್ದ ಡಾಕ್ಟರೊಬ್ಬರು ಬಂದರು. ಬಾಗಿಲು ತೆರೆದ ಅವಳನ್ನು ನೋಡಿ ಮಾತು ಮರೆತು ತಮ್ಮ ಬೂಟು ನೋಡಿಕೊಂಡರು. ಅವರ ರೋಗಿಯ ಸೆಟ್ಟನ್ನು ಕಟ್ಟಿಕೊಟ್ಟ ಮೇಲೆ ಎರ್ಮೆಲಿಂದಾ ತನ್ನ ಹೋಳನ್ನೂ ತಂದು ಅವರ ಅಂಗೈಯಲ್ಲಿಟ್ಟಳು. ಏನೇನಾಯಿತೆಂದು ತೊದಲುವ ಬಾಯಲ್ಲೇ ಹೇಳಿದಳು. ನಿಮ್ಮ ರೋಗಿಗಳಿಗೆ ಮಲಗುವಾಗ ತೆಗೆಯಲು ಹೇಳಿ, ಸಡಿಲವಾದರೆ ನನ್ನ ಹತ್ತಿರ ಕಳಿಸುವ ಮೊದಲು ಮೂಳೆ ನೋಡಿ, ಬರೀ ಬಿಗಿ ಮಾಡಿಸಬೇಡಿ ಎಂದಳು. ಅವರು ಹೋಗುವಾಗ ಹೊಸ್ತಿಲಲ್ಲಿ ಟೋಪಿ ತೆಗೆದರು. ಆ ವಾರದ ಕೊನೆಗೆ ಪಕ್ಕದ ಬೀದಿಗಳಿಂದ ಸೆಟ್ಟು ಮಾಡುವವರು ನಾಲ್ಕು ಜನ ನೋಡಲು ಬಂದರು. ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು. ಒಬ್ಬ, ಗುಳ್ಳೆ ಹುಡುಕಿ ಹುಡುಕಿ ಸೋತು, ಪುಡಿಗೆ ದ್ರವ ಎಷ್ಟು ಹಾಕುತ್ತೀರಿ ಎಂದು ಕೇಳಿದ. ಅದನ್ನು ಮಾತ್ರ ಅವಳು ಹೇಳಲಿಲ್ಲ.

ಡಿಸೆಂಬರ ಬಂತು. ಹುಣ್ಣು ಮಾದಿತ್ತು. ಒಸಡು ತೆಳು ಗುಲಾಬಿಗೆ ತಿರುಗಿತ್ತು. ಕ್ಯಾಲೆಂಡರಿನ ಅಂಕಿಗಳು ವಾರದಿಂದ ವಾರಕ್ಕೆ ಇಳಿದಿದ್ದವು. ರಕ್ತಪರೀಕ್ಷೆಯ ಅಂಕಿಯೂ ಡಾಕ್ಟರ್ ಒಪ್ಪುವ ಮಟ್ಟಕ್ಕೆ ಬಂದಿತ್ತು. ಫಿದೆನ್ಸಿಯೊ ನವೆಂಬರದ ಹಾಳೆಯನ್ನು ಹರಿಯದೆ ಗೋಡೆಯ ಮೇಲೇ ಬಿಟ್ಟ. ಭಾನುವಾರ ಮನೆಮಂದಿಯೆಲ್ಲ ಕೂತು ಮೆಕ್ಕೆಜೋಳದ ಹಿಟ್ಟನ್ನು ಸಿಪ್ಪೆಯಲ್ಲಿ ಸುತ್ತಿ ಬೇಯಿಸುವ ತಮಾಲೆ ಕಟ್ಟಿದರು. ಅತ್ತೆ ಸೊಸೆ ಎದುರುಬದುರು ಕೂತು, ಇಬ್ಬರೂ ಸೆಟ್ಟಿಲ್ಲದ ಬಾಯಲ್ಲಿ, ಯಾರು ಹೆಚ್ಚು ತಿನ್ನುತ್ತಾರೆಂದು ಪಂದ್ಯ ಕಟ್ಟಿದರು. ಅತ್ತೆ ಗೆದ್ದಳು. ಅವಳಿಗೆ ಅಭ್ಯಾಸ ಹೆಚ್ಚು.

ಗುರುವಾರ ಡಾಕ್ಟರ್ ಬೆಲ್ತ್ರಾನ್ ಬಂದರು. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ನೆರೇಯ್ದಾ ಅವರಿಗೆ ಕೈನೆರವಾಗಿ ನಿಲ್ಲಬೇಕಾದವಳು. ಹಸಿರು ಅಂಗಿ ತೊಟ್ಟಿದ್ದಳು. ಹಿಡಿಯಬಹುದು, ಹಿಡಿಯದೆಯೂ ಹೋಗಬಹುದು, ಆರೆಂಟು ತಿಂಗಳು ಕಳೆಯದೆ ತಿಳಿಯುವುದಿಲ್ಲ ಎಂದು ಡಾಕ್ಟರ್ ಇನ್ನೊಮ್ಮೆ ಹೇಳಿದರು. ಎರ್ಮೆಲಿಂದಾ ತಲೆಯಾಡಿಸಿದಳು. ಅವರು ಕಾಗದ ತೆಗೆದು ಒಂದೊಂದೇ ಸಾಲು ಓದಿ ಖಾತ್ರಿ ಮಾಡಿಕೊಂಡರು. ಹಲ್ಲು ಹೋದ ವರ್ಷ. ಸಿಗರೇಟು ಬಿಟ್ಟ ದಿನ. ಸಕ್ಕರೆ. ಆಮೇಲೆ ಗೆರೆ ಎಳೆದ ಸಾಲಿಗೆ ಬಂದು ಹುಬ್ಬು ಏರಿಸಿದರು.

"ಹಳೇ ಸೆಟ್ಟು ಮಾಡಿದವರು ಯಾರು ಅಂತ ಗೊತ್ತಿಲ್ವಾ?"

ನೆರೇಯ್ದಾ ತಾಯಿಯ ಕಡೆ ನೋಡಿದಳು. ಇಪ್ಪತ್ತೊಂಬತ್ತು ವರ್ಷದ ಮೌನ ಕೋಣೆಯಲ್ಲಿ ಒಂದು ಕ್ಷಣ ಬಂದು ನಿಂತಿತು. ನಿಂತು, ಜಾಗವಿಲ್ಲದೆ ಹೊರಟಿತು.

"ಪೆನ್ನು ತಗೋ," ಎಂದಳು ಎರ್ಮೆಲಿಂದಾ ಮಗಳಿಗೆ. "ಆ ಗೆರೆ ಮೇಲೇ ಬರಿ. ಎರ್ಮೆಲಿಂದಾ ಸೊತೋಮಯೋರ್. ಹನ್ನೊಂದು ಪದರಾನೂ ಅವಳದೇ. ಪೂರ್ತಿ ಬರಿ, ಅರ್ಧ ಮಾಡ್ಬೇಡ."

ನೆರೇಯ್ದಾ ಬರೆದಳು. ಅಕ್ಷರಗಳು ಸಾಲಿನ ಹೊರಗೆ ಹೋದವು.

ಎರ್ಮೆಲಿಂದಾ ಕೈಚೀಲದಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ಒಂದು ಹೋಳನ್ನು ಡಾಕ್ಟರರ ಅಂಗೈಯಲ್ಲಿಟ್ಟಳು. ಅವರು ಅದನ್ನು ದೀಪದ ಕೆಳಗೆ ಹಿಡಿದು, ಹಣೆಯ ಮೇಲಿದ್ದ ಭೂತಗನ್ನಡಿಯನ್ನು ಕಣ್ಣಿಗೆ ಇಳಿಸಿಕೊಂಡರು. ಆ ಕಡೆ ತಿರುಗಿಸಿದರು. ಈ ಕಡೆ ತಿರುಗಿಸಿದರು. ಮತ್ತೆ ಮೊದಲಿನ ಕಡೆಗೆ. ಅವರು ಏನು ಹುಡುಕುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು.

ಹುಡುಕಲಿ ಎಂದು ಅವಳು ಕುರ್ಚಿಗೆ ಒರಗಿ, ಬಾಯಿ ತೆರೆದು ಕೂತಳು.